ಹನ್ನೆರಡರಿಂದ ಎರಡರ ತನಕ ಬಾಗಿಲು ಹಾಕುವ ಊರುಗಳು

ಫ್ರಾನ್ಸ್‌ನಲ್ಲಿ ಸೈಕಲ್ ಹೊಡೆದು ಬಂದೆ ಅಂದರೆ ಎಲ್ಲರೂ ಮೊದಲು ಕೇಳುವುದು ಆಲ್ಪ್ಸ್ ಬೆಟ್ಟದ ಬಗ್ಗೆ. ಟಿವಿಯಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸು ನೋಡಿದ್ದರ ಪರಿಣಾಮ ಅದು. ನಲವತ್ತು ದಾಟಿದ ನನ್ನ ಮೊಣಕಾಲಿಗೆ ಅಷ್ಟು ದೊಡ್ಡ ಆಸೆ ಇರಲಿಲ್ಲ. ತಮ್ಮ ಲಿಯಾನ್‌ನಲ್ಲಿ ಕೆಲಸದಲ್ಲಿದ್ದಾನೆ, ಅವನ ಹತ್ತಿರ ಎರಡು ಸೈಕಲ್ ಇವೆ. ಅಲ್ಲಿಂದ ಉತ್ತರಕ್ಕೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಸೈಕಲ್ ತೂಗುಹಾಕಲು ಕೊಕ್ಕೆಗಳೂ ಇರುತ್ತವೆ. ಬರ್ಗಂಡಿ ಸೀಮೆಯ ತೂರ್ನ್ಯೂ ಎಂಬ ಊರಲ್ಲಿ ಇಳಿಯುವುದು, ಗುಡ್ಡದ ಹಳ್ಳಿಗಳನ್ನು ಹಾದು ಕ್ಲೂನಿಯಲ್ಲಿ ರಾತ್ರಿ ಉಳಿಯುವುದು, ಮರುದಿನ ಮಕೋಂ ಊರಿಗೆ ಬಂದು ವಾಪಸ್ ರೈಲು ಹತ್ತುವುದು ಅಂತ ಮಾತಾಯಿತು. ಒಟ್ಟು ದೂರ ನೂರು ಕಿಲೋಮೀಟರ್ ಕೂಡ ಇಲ್ಲ. ಜೂನ್ ತಿಂಗಳು, ರಾತ್ರಿ ಒಂಬತ್ತೂವರೆ ಆದರೂ ಬೆಳಕಿರುತ್ತದೆ. ಅವಸರ ಯಾಕೆ ಬೇಕು?

ತೂರ್ನ್ಯೂ ಇರುವುದು ಸೋನ್ ನದಿಯ ದಂಡೆಯಲ್ಲಿ. ಅಲ್ಲಿನ ಸೇಂಟ್ ಫಿಲಿಬೆರ್ ಚರ್ಚಿಗೆ ಸಾವಿರ ವರ್ಷ ಹತ್ತಿರ ವಯಸ್ಸು. ಒಳಗೆ ಕೆತ್ತನೆ ಅಷ್ಟಾಗಿ ಇಲ್ಲ. ಸಣ್ಣ ಸಣ್ಣ ಕಲ್ಲು ಜೋಡಿಸಿ ಕಟ್ಟಿದ ದಪ್ಪ ಗುಂಡು ಕಂಬಗಳು ಮಾತ್ರ. ನಾವಿಬ್ಬರೂ ಸೇರಿ ತಬ್ಬಿದರೂ ಕೈಗೆ ಕೈ ಸಿಗುವುದಿಲ್ಲ. ನನಗೆ ಅಲ್ಲೇ ಕೂರಬೇಕು ಅನ್ನಿಸಿತ್ತು. ತಮ್ಮ ಮಾತ್ರ ಗಡಿಯಾರ ನೋಡುತ್ತಿದ್ದ. ಯಾಕೆ ಅಂತ ಆಮೇಲೆ ಗೊತ್ತಾಯಿತು.

ಊರು ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಡಿ-14 ರಸ್ತೆ. ಇಲ್ಲಿ ಜಿಲ್ಲಾ ರಸ್ತೆಗಳಿಗೆಲ್ಲ ಡಿ ಅಂತಲೇ ಹೆಸರು. ದಾರಿ ಬದಿಯ ಮೈಲಿಗಲ್ಲಿನ ತಲೆಗೆ ಹಳದಿ ಬಣ್ಣ. ನದಿ ಬಯಲು ಮುಗಿದ ಕೂಡಲೇ ಏರು ಶುರು. ಉದ್ದನೆಯ ಏರೇನಲ್ಲ. ಒಂದು ಗುಡ್ಡ ಹತ್ತಿ ಉಸಿರು ತಗೊಳ್ಳುವಷ್ಟರಲ್ಲಿ ಇಳಿಜಾರು, ಇಳಿದ ಜೋರಿನಲ್ಲೇ ಮುಂದಿನದು ಅರ್ಧ ಹತ್ತಿಬಿಡಬಹುದು. ಉಳಿದರ್ಧಕ್ಕೆ ಗೇರ್ ಇಳಿಸಿ ಸುಮ್ನೆ ತುಳಿಯಬೇಕು. ಒಂದು ಬದಿ ದ್ರಾಕ್ಷಿ ಸಾಲು, ಇನ್ನೊಂದು ಬದಿ ಬೇಲಿಯೊಳಗೆ ಬೆಳ್ಳಗಿನ ಶರೋಲೆ ದನಗಳು. ಮೈ ತುಂಬಿಕೊಂಡ ದನಗಳು, ನಾವು ಹತ್ತಿರ ಬಂದರೂ ಮೆಲುಕು ನಿಲ್ಲಿಸುವುದಿಲ್ಲ.

ವಾಹನ ಓಡಿಸುವವರ ಬಗ್ಗೆ ಹೇಳಲೇಬೇಕು. ಊರ ಹೊರಗೆ ಸೈಕಲ್ಲನ್ನು ದಾಟುವಾಗ ಒಂದೂವರೆ ಮೀಟರ್, ಊರೊಳಗೆ ಒಂದು ಮೀಟರ್ ಜಾಗ ಬಿಡಬೇಕು ಅಂತ ಇಲ್ಲಿ ಕಾನೂನಿದೆ. ಕಾನೂನು ಎಲ್ಲ ಕಡೆ ಇರುತ್ತದೆ ಬಿಡಿ. ಇಲ್ಲಿ ಒಂದು ಹಾಲಿನ ಲಾರಿ ತಿರುವಿನಲ್ಲಿ ನಮ್ಮ ಹಿಂದೆಯೇ, ಹಾರ್ನ್ ಹೊಡೆಯದೆ, ಗುಡ್ಡ ಮುಗಿಯುವ ತನಕ ಬಂತು. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಸೈಕಲ್ ಹೊಡೆದು ರೂಢಿಯಾದ ನನಗೆ ಹಿಂದಿನ ಆ ಮೌನವೇ ಭಯ ಹುಟ್ಟಿಸಿತು. ಇಳಿದು ನಿಂತು ದಾರಿ ಬಿಟ್ಟೆ. ಡ್ರೈವರ್ ಕೈ ಎತ್ತಿ ಹೋದ.

ಪ್ರತಿ ಊರಿನ ಶುರುವಿಗೆ ಕೆಂಪು ಅಂಚಿನ ಬಿಳಿ ಬೋರ್ಡು, ಕೊನೆಗೆ ಅದೇ ಹೆಸರಿನ ಮೇಲೆ ಕೆಂಪು ಗೀಟು. ನಡುವೆ ಕೆಲವು ಸಲ ಇನ್ನೂರು ಮೀಟರ್ ಕೂಡ ಇರುವುದಿಲ್ಲ. ಆದರೂ ಅಷ್ಟರಲ್ಲೇ ಒಂದು ಚರ್ಚು, ಒಂದು ಪಂಚಾಯಿತಿ ಕಚೇರಿ, ಒಂದು ಯುದ್ಧ ಸ್ಮಾರಕ ಇರುತ್ತವೆ. ಒಂದು ಕಡೆ ನೀರು ಕುಡಿಯಲು ನಿಂತಾಗ ಆ ಸ್ಮಾರಕ ಓದಿದೆ. 1914ರಿಂದ 1918ರ ಪಟ್ಟಿ ಉದ್ದ, ಎರಡನೇ ಮಹಾಯುದ್ಧದ್ದು ಎರಡು ಮೂರು ಹೆಸರು. ಮೊದಲ ಪಟ್ಟಿಯಲ್ಲಿ ಒಂದೇ ಮನೆತನದ ಹೆಸರು ಮೂರು ಸಲ. ಸುತ್ತ ಎಣಿಸಿದರೆ ಮನೆಗಳು ಮೂವತ್ತು ಇರಬಹುದು. ಸ್ಮಾರಕದ ಬುಡದಲ್ಲಿ ಯಾರೋ ಜೆರೇನಿಯಂ ಹೂವಿನ ಗಿಡಗಳನ್ನು ನೀರು ಹಾಕಿ ಬೆಳೆಸಿದ್ದರು.

ಹನ್ನೊಂದೂವರೆಗೆ ತಮ್ಮನ ಚಡಪಡಿಕೆ ಜಾಸ್ತಿಯಾಯಿತು. "ಅಕ್ಕಾ, ಲಗೂ ತುಳಿ. ಹನ್ನೆರಡಾದರ ಎಲ್ಲಾ ಬಾಗಿಲ ಹಾಕ್ತಾರ. ಎರಡರ ತನಕಾ ಏನೂ ಸಿಗಂಗಿಲ್ಲ." ನಾನು ನಂಬಲಿಲ್ಲ. ಊಟದ ಹೊತ್ತಿಗೆ ಅಂಗಡಿ ಮುಚ್ಚುವುದು ಅಂದರೆ ಏನು ವ್ಯಾಪಾರ! ಆದರೆ ನಿಜ. ಹನ್ನೆರಡರ ಗಂಟೆ ಬಾರಿಸಿದ್ದೇ ತಡ, ದಿನಸಿ ಅಂಗಡಿ, ಅಂಚೆ ಕಚೇರಿ, ಬ್ರೆಡ್ಡಿನ ಅಂಗಡಿ ಎಲ್ಲವೂ ಸ್ತಬ್ಧ. ಬೀದಿಯಲ್ಲಿ ಬೆಕ್ಕು ಬಿಟ್ಟರೆ ಯಾರೂ ಇಲ್ಲ. ಕಿಟಕಿಯ ಒಳಗಿಂದ ತಟ್ಟೆ ಚಮಚದ ಸದ್ದು ಮಾತ್ರ ಬರುತ್ತದೆ. ಈ ಸೀಮೆಯಲ್ಲಿ ಸೈಕಲ್ ಹೊಡೆಯುವವರಿಗೆ ಏರು ದಿಣ್ಣೆ ದೊಡ್ಡ ಸಮಸ್ಯೆಯೇ ಅಲ್ಲ. ಬ್ರೆಡ್ ಎಲ್ಲಿ ಸಿಗುತ್ತದೆ, ಯಾವ ಹೊತ್ತಿಗೆ ಸಿಗುತ್ತದೆ, ಅದೇ ನಿಜವಾದ ನಕ್ಷೆ. ಸೋಮವಾರ ಹಲವು ಅಂಗಡಿಗಳು ದಿನವಿಡೀ ಬಂದ್. ತಮ್ಮ ಅದನ್ನೂ ಲೆಕ್ಕ ಹಾಕಿ ದಿನ ಆರಿಸಿದ್ದ.

ನಮ್ಮನ್ನು ಕಾಪಾಡಿದ್ದು ಒಂದು ಯಂತ್ರ. ಬ್ರೆಡ್ ಅಂಗಡಿ ಇಲ್ಲದ ಊರುಗಳಲ್ಲಿ ಬೀದಿ ಬದಿಗೆ ಬೀರುವಿನಂಥ ಡಬ್ಬ ಇಟ್ಟಿರುತ್ತಾರೆ. ನಾಣ್ಯ ಹಾಕಿದರೆ ಒಳಗೆ ಗರ್ರ್ ಅನ್ನುತ್ತದೆ, ಉದ್ದನೆಯ ಬ್ಯಾಗೆಟ್ ಒಂದು ಜಾರಿ ಬರುತ್ತದೆ. ಮುಟ್ಟಿದರೆ ಬೆಚ್ಚಗಿತ್ತು. ಬ್ಯಾಗೆಟ್ ಮಾಡುವ ಕಲೆಯನ್ನು ಯುನೆಸ್ಕೊ 2022ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರಿಸಿದೆ. ಡಬ್ಬದಿಂದ ಬಿದ್ದ ಬ್ಯಾಗೆಟ್ಟಿಗೂ ಆ ಗೌರವ ಸಲ್ಲುತ್ತದೋ ಇಲ್ಲವೋ, ಹಸಿವಿಗೆ ಅದೆಲ್ಲ ಯಾಕೆ ಅಲ್ವಾ?

ಊಟಕ್ಕೆ ಕೂತದ್ದು ಊರಿನ ಹಳೆಯ ಬಟ್ಟೆ ಒಗೆಯುವ ಕಟ್ಟೆಯ ಮೇಲೆ. ಇಂಥವು ಇಲ್ಲಿ ಬಹಳ ಊರುಗಳಲ್ಲಿವೆ. ಹೆಂಚಿನ ಮಾಡು, ಅದರ ಕೆಳಗೆ ಕಲ್ಲಿನ ತೊಟ್ಟಿ, ಒಂದು ಮೂಲೆಯಿಂದ ಊಟೆ ನೀರು ಬಂದು ಇನ್ನೊಂದು ಮೂಲೆಯಿಂದ ಹೊರಗೆ. ತೊಟ್ಟಿಯ ಅಂಚಿನ ಕಲ್ಲು ಒಳಮುಖವಾಗಿ ಇಳಿಜಾರು. ಕೈಯಾಡಿಸಿದರೆ ನುಣ್ಣಗೆ, ಅಜ್ಜಿ ಊರಿನ ಕೆರೆ ಮೆಟ್ಟಿಲಿನ ಹಾಗೆಯೇ ಸವೆದಿದೆ. ಮೇಕೆ ಹಾಲಿನ ಸಣ್ಣ ಚೀಸ್ ತೂರ್ನ್ಯೂದಲ್ಲೇ ತಗೊಂಡಿದ್ದೆವು. ಮಕೋಂ ಸೀಮೆಯದ್ದೇ ಚೀಸ್, ಎರಡು ಮೂರು ತುತ್ತಿಗೆ ಮುಗಿಯುತ್ತದೆ. ನನ್ನ ಚೀಲದಲ್ಲಿ ಶೇಂಗಾ ಚಟ್ನಿಪುಡಿ ಇತ್ತು. ಬ್ರೆಡ್ಡನ್ನು ಉದ್ದಕ್ಕೆ ಸೀಳಿ, ಚೀಸ್ ಸವರಿ, ಮೇಲೆ ಪುಡಿ ಉದುರಿಸಿದೆ. ಚೀಸಿನ ಹುಳಿಗೆ ಬೆಳ್ಳುಳ್ಳಿ ಖಾರ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತೀರಿ! ತಮ್ಮ ಅರ್ಧ ಡಬ್ಬಿ ಖಾಲಿ ಮಾಡಿದ.

ಬ್ರಾಂಸಿಯೋನ್ ಗುಡ್ಡದ ತುದಿಯ ಕೋಟೆ ಹಳ್ಳಿ. ಹೊರಗಿನವರ ಕಾರುಗಳನ್ನು ಊರಾಚೆಯೇ ನಿಲ್ಲಿಸುತ್ತಾರೆ. ಮರದ ತೊಲೆಗಳ ಹಳೇ ಸಂತೆ ಮಾಳಿಗೆ, ಅದರಾಚೆ ಕಣಿವೆಯ ಅಂಚಿಗೆ ಒಂದು ಪುಟ್ಟ ಚರ್ಚು. ಚಂದ ಇದೆ, ಆದರೆ ಸ್ವಲ್ಪ ಜಾಸ್ತಿಯೇ ಒಪ್ಪಮಾಡಿ ಇಟ್ಟ ಹಾಗಿದೆ. ನನಗೆ ಹಿಡಿಸಿದ್ದು ಅಲ್ಲಿಂದ ಇಳಿದ ಮೇಲೆ ಸಿಗುವ ಶಪೇಜ್. ಬಯಲಲ್ಲಿ ನಾಲ್ಕು ಮನೆ, ಅವಕ್ಕೆ ಹೊಂದದಷ್ಟು ಎತ್ತರದ ಗಂಟೆ ಗೋಪುರ. ಅದೂ 11ನೇ ಶತಮಾನದ್ದು.

ಕೊರ್ಮತಾಂ ಊರಿನಲ್ಲಿ ಹಸಿರು ದಾರಿ ಸಿಕ್ಕಿತು. ರೈಲು ನಿಂತುಹೋದ ಹಳಿಯನ್ನು ಕಿತ್ತು, ಡಾಂಬರು ಹಾಕಿ, ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಟ್ಟ ದಾರಿ. ಜೀವ್ರಿಯಿಂದ ಕ್ಲೂನಿವರೆಗಿನ ಈ ತುಂಡು 1997ರಲ್ಲಿ ಆಯಿತು. ಫ್ರಾನ್ಸ್‌ನಲ್ಲಿ ಈಗ ಎಲ್ಲೆಡೆ ಇರುವ ಇಂಥ ದಾರಿಗಳಿಗೆ ಇದೇ ಮೊದಲು. ಮಕ್ಕಳಿದ್ದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನನಗೆ ಮಾತ್ರ ಅರ್ಧ ಗಂಟೆಗೆ ಬೇಸರ ಬಂತು. ರೈಲು ಓಡುತ್ತಿದ್ದ ದಾರಿ, ಏರೂ ಇಲ್ಲ, ತಿರುವೂ ಇಲ್ಲ. ಪಕ್ಕದ ಗುಡ್ಡದ ಮೇಲೆ ತೇಜೆ. 1940ರಲ್ಲಿ ಬ್ರದರ್ ರೋಜರ್ ಎಂಬುವವರು ಬಂದು ನೆಲೆಸಿ, ಮುಂದೆ ಕ್ರೈಸ್ತ ಮಠ ಮಾಡಿದ ಊರು. ಬೇಸಿಗೆಯಲ್ಲಿ ದೇಶ ದೇಶಗಳ ಹುಡುಗ ಹುಡುಗಿಯರು ಸಾವಿರಗಟ್ಟಲೆ ಬರುತ್ತಾರೆ. ದಾರಿಯಲ್ಲಿ ಬೆನ್ನಿಗೆ ಚೀಲ ಹಾಕಿ ನಡೆಯುವವರೆಲ್ಲ ಅಲ್ಲಿಗೇ.

ಕ್ಲೂನಿಗೆ ಹೋದವರು ಮೊದಲು ಮೋಸ ಹೋಗುತ್ತಾರೆ. ದೊಡ್ಡ ಚರ್ಚು ಎಲ್ಲಿ ಅಂತ ಹುಡುಕಿದರೆ ಒಂದು ಮೂಲೆಯ ಗೋಪುರ ಕಾಣುತ್ತದೆ ಅಷ್ಟೇ. 910ರಲ್ಲಿ ಶುರುವಾದ ಮಠ ಇದು. 1088ರಲ್ಲಿ ಕಟ್ಟಲು ತೊಡಗಿದ ಇಲ್ಲಿನ ಮೂರನೇ ಚರ್ಚು 187 ಮೀಟರ್ ಉದ್ದ ಇತ್ತು. ರೋಮಿನ ಈಗಿನ ಸೇಂಟ್ ಪೀಟರ್ಸ್ ಏಳುವ ತನಕ ಕ್ರೈಸ್ತ ಲೋಕದಲ್ಲಿ ಇದಕ್ಕಿಂತ ದೊಡ್ಡದು ಇರಲಿಲ್ಲ. ಫ್ರೆಂಚ್ ಕ್ರಾಂತಿಯಾದ ಮೇಲೆ ಮಾರಿಬಿಟ್ಟರು. ಕೊಂಡವರು ಅದನ್ನು ಕಲ್ಲುಗಣಿ ಮಾಡಿಕೊಂಡರು. ವರ್ಷಗಟ್ಟಲೆ ಸಿಡಿಸಿ, ಕಿತ್ತು, ಗಾಡಿಯಲ್ಲಿ ಹೇರಿ ಮಾರಿದರು. ಉಳಿದದ್ದು ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ನೆಪೋಲಿಯನ್ ಕಾಲದಲ್ಲಿ ಪಕ್ಕದಲ್ಲೇ ಕುದುರೆ ಲಾಯ ಕಟ್ಟಿದಾಗ ಅದಕ್ಕೂ ಇದೇ ಕಲ್ಲು ಹೋಯಿತು. ಪಶ್ಚಿಮ ಬಾಗಿಲಿದ್ದ ಜಾಗದಲ್ಲಿ ಮುರಿದ ಕಂಬಗಳ ಬುಡ ಇವೆ. ಅಲ್ಲಿ ಸೈಕಲ್ ಹಿಡಿದು ನಿಂತು ಎದುರಿಗೆ, ದೂರದಲ್ಲಿ, ಆ ಒಂಟಿ ಗೋಪುರ ನೋಡಿದರೆ ಅಳತೆ ಅರ್ಥವಾಗುತ್ತದೆ. ನಡುವೆ ಈಗ ರಸ್ತೆ, ಮನೆ, ಅಂಗಳ. ಹಂಪಿಯಲ್ಲಿ ಹಾಳಾದದ್ದು ಹಾಳಾಗಿಯೇ ಬಿದ್ದಿದೆ. ಇಲ್ಲಿ ಹಾಳಾದದ್ದು ಊರಿನ ಗೋಡೆಗಳೊಳಗೆ ಸೇರಿಹೋಗಿದೆ. ಆ ಸಂಜೆ ಯಾವ ಮನೆ ನೋಡಿದರೂ ಕಲ್ಲಿನ ಮೇಲೇ ನನ್ನ ಕಣ್ಣು.

ಬೆಳಿಗ್ಗೆ ನಾವಿಬ್ಬರೂ ಬೇರೆಯಾದೆವು. ಮಕೋಂ ಕಡೆ ಹೋಗಲು ಬ್ವಾ ಕ್ಲೇರ್ ಗುಡ್ಡ ಅಡ್ಡ ಇದೆ. ಮೇಲೆ ಘಾಟಿ ರಸ್ತೆ, ಕೆಳಗೆ ಹಳೇ ರೈಲಿನ ಸುರಂಗ. 2024ರ ಟೂರ್ ದ ಫ್ರಾನ್ಸ್ ಆರನೇ ದಿನ ಮಕೋಂನಿಂದ ದಿಜೋನ್‌ಗೆ ಹೋದಾಗ ಈ ಘಾಟಿಯನ್ನೇ ಹತ್ತಿತ್ತು. ತಮ್ಮನಿಗೆ ಅಷ್ಟು ಸಾಕು. ನಾನು ಸುರಂಗ ಹಿಡಿದೆ. ಒಂದೂವರೆ ಕಿಲೋಮೀಟರಿಗಿಂತ ಉದ್ದ. ಚಳಿಗಾಲದಲ್ಲಿ ಬಾವಲಿಗಳು ನಿದ್ದೆಗೆ ಬರುತ್ತವೆ ಅಂತ ಬಾಗಿಲು ಹಾಕುತ್ತಾರೆ. ಒಳಗೆ ದೀಪ ಇದೆ, ಆದರೆ ಜೂನ್‌ನಲ್ಲೂ ಹಲ್ಲು ಕಟಕಟ ಅನ್ನುವ ಥಂಡಿ. ಆ ತುದಿಯಲ್ಲಿ ತಮ್ಮ ಆಗಲೇ ಬಂದು ಬಾಳೆಹಣ್ಣು ತಿನ್ನುತ್ತಿದ್ದ. "ಸುರಂಗದಾಗ ಮಲಗಿದ್ದೇನು?" ಅಂದ.

ಅಲ್ಲಿಂದ ಮುಂದೆ ದ್ರಾಕ್ಷಿಯದೇ ರಾಜ್ಯ. ಸೊಲ್ಯೂತ್ರೆ ಬಂಡೆಯ ಬುಡದಲ್ಲಿ ಸೈಕಲ್ಲಿಗೆ ಬೀಗ ಹಾಕಿ ನಡೆದು ಹತ್ತಿದೆವು. 493 ಮೀಟರ್ ಎತ್ತರ, ಒಂದು ಬದಿ ಕಡಿದಾದ ಪ್ರಪಾತ. ಬುಡದಲ್ಲಿ ಶಿಲಾಯುಗದ ಕುದುರೆ ಮೂಳೆಗಳು ರಾಶಿ ರಾಶಿ ಸಿಕ್ಕಿವೆ. ಬೇಟೆಗಾರರು ಕುದುರೆಗಳನ್ನು ತುದಿಯಿಂದ ಕೆಳಗೆ ಅಟ್ಟಿ ಬೀಳಿಸುತ್ತಿದ್ದರು ಅಂತ ಕಥೆ ಕಟ್ಟಿದ್ದಾರೆ. ಸಂಶೋಧಕರು ಅದನ್ನು ಒಪ್ಪುವುದಿಲ್ಲ, ಮೂಳೆ ಸಿಕ್ಕ ಜಾಗ ಪ್ರಪಾತದ ಕೆಳಗೆ ಇಲ್ಲವೇ ಇಲ್ಲ. ಕಥೆ ಮಾತ್ರ ಸಾಯುತ್ತಿಲ್ಲ. ಅಧ್ಯಕ್ಷರಾಗಿದ್ದ ಮಿತ್ತೆರಾಂ ವರ್ಷಕ್ಕೊಮ್ಮೆ, ಪೆಂಟೆಕೋಸ್ಟ್ ಹಬ್ಬಕ್ಕೆ, ಇದನ್ನು ಹತ್ತುತ್ತಿದ್ದರು. ಹಿಂದೆ ಪತ್ರಕರ್ತರ ದಂಡು.

ಇಳಿಯುವಾಗ ಫ್ವೀಸೆ ಊರಿನ ದಾರಿಯಲ್ಲಿ ಮುಂದೆ ಒಂದು ವಿಚಿತ್ರ ಟ್ರ್ಯಾಕ್ಟರ್. ಉದ್ದ ಕಾಲು, ದ್ರಾಕ್ಷಿ ಸಾಲಿನ ಎರಡೂ ಬದಿಗೆ ಚಕ್ರ ಇಟ್ಟು ಗಿಡದ ಮೇಲಿನಿಂದಲೇ ಹಾಯುವಂಥದ್ದು. ದಾಟಲು ಜಾಗ ಇಲ್ಲ, ಬ್ರೇಕ್ ಹಿಡಿದು ಅದರ ಹಿಂದೆಯೇ ಇಳಿದೆವು. ಅದು ಒಂದು ಅಂಗಳಕ್ಕೆ ತಿರುಗಿ ನಿಂತಿತು. ಬಾಟಲಿ ಖಾಲಿಯಾಗಿತ್ತು. ಬೊಂಜೂರ್ ಹೇಳಿ ನೀರು ಕೇಳಿದೆವು. ಯಜಮಾನ ನಲ್ಲಿ ತೋರಿಸಿದ. ನಾವು ತುಂಬಿಸಿಕೊಳ್ಳುವಷ್ಟರಲ್ಲಿ ಒಳಗಿಂದ ಎರಡು ಗ್ಲಾಸು, ಒಂದು ತಣ್ಣನೆ ಬಿಳಿ ವೈನ್ ತಂದ. ಸೈಕಲ್ ಹೊಡೀಬೇಕು ಅಂತ ತಮ್ಮ ಅವನಿಗೆ ಫ್ರೆಂಚಿನಲ್ಲಿ ಹೇಳಿದ. ಮಕೋಂ ತನಕ ಬರೀ ಇಳಿಜಾರು, ತುಳಿಯುವುದೇ ಬೇಡ ಅಂದ ಯಜಮಾನ, ಗ್ಲಾಸಿಗೆ ಸುರಿಯುತ್ತಾ. ನಿಜ ಹೇಳಬೇಕೆಂದರೆ ಬರೀ ಇಳಿಜಾರೇನೂ ಆಗಿರಲಿಲ್ಲ.