ಕೆಂಡಸಂಪಿಗೆ ಗೂಟಿ: ಕೊನೆಗೂ ಬೇರು ಬಂತು

ಬಂತು. ಪ್ಲಾಸ್ಟಿಕ್ಕಿನ ಒಳಗೆ, ಮಾಸ್‌ನ ಅಂಚಿಗೆ ಒತ್ತಿಕೊಂಡು ಕೆನೆ ಬಣ್ಣದ ದಪ್ಪ ಬೇರು ಕಾಣುತ್ತಿದೆ. ಅದೂ ಒಂದೇ ಕಡೆ ಅಲ್ಲ. ಗೂಟಿ ಅಂದರೆ ಮರದಲ್ಲೇ ಇರುವ ಕೊಂಬೆಯ ತೊಗಟೆಯನ್ನು ಉಂಗುರದಷ್ಟು ಸುಲಿದು, ಅಲ್ಲಿಗೆ ಒದ್ದೆ ಪಾಚಿ (ಮಾಸ್) ಇಟ್ಟು ಪ್ಲಾಸ್ಟಿಕ್ ಸುತ್ತಿ ಬೇರು ಬರಿಸುವುದು. 'ಸಂಪಿಗೆಗೆ ಗೂಟಿ ಆಗಲ್ಲ ಬಿಡಿ ಸಾರ್, ಕಸಿ ಗಿಡ ಒಯ್ಯಿರಿ' ಅನ್ನುವವರಿಗೆ ತೋರಿಸಲು ಫೋಟೊ ತೆಗೆದಿಟ್ಟಾಗಿದೆ.

ಅಕ್ಟೋಬರಿನಲ್ಲಿ ಈ ಮನೆ ಬಿಟ್ಟು ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೇವೆ, ತೋಟವೂ ಜೊತೆಗೆ ಬರಬೇಕು. ಅದರ ಉಳಿದ ಸಾಮಾನಿನ ವಿಷಯ ಬೇಗ ಮುಗಿಸೋಣ. ದಾಸವಾಳ, ನಂದಿಬಟ್ಟಲು, ದೊಡ್ಡಪತ್ರೆ ಕಡ್ಡಿಯಲ್ಲೇ ಬಂದವು. ಕರಿಬೇವಿನ ಬುಡದಲ್ಲಿ ಎದ್ದಿದ್ದ ಮರಿಗಳನ್ನು ಬೇರಿನ ತುಂಡಿನ ಸಮೇತ ಕಿತ್ತು ಕವರಿಗೆ ಹಾಕಿದೆ. ದಾಳಿಂಬೆ, ನಿಂಬೆ ಗೂಟಿ ಕಟ್ಟಿದರೆ ಬೇಡ ಅಂದರೂ ಬೇರು ಬಿಡುತ್ತವೆ. ಮಲ್ಲಿಗೆ ಬಳ್ಳಿಯನ್ನು ನೆಲಕ್ಕೆ ಬಗ್ಗಿಸಿ ಮಣ್ಣು ಹೇರಿದ್ದಾಯಿತು. ಇವುಗಳ ಬಗ್ಗೆ ಬರೆಯುವುದು ಏನೂ ಇಲ್ಲ.

ಸಮಸ್ಯೆ ಇದ್ದದ್ದು ಸಂಪಿಗೆಯದು. ಮರ ತಾರಸಿ ದಾಟಿ ಬೆಳೆದಿದೆ, ಕಿತ್ತು ಒಯ್ಯುವ ಮಾತೇ ಇಲ್ಲ. ಬೀಜದಿಂದ ಮಾಡಬಹುದಲ್ಲ ಅಂದರೆ, ಮಾಡಬಹುದು: ಕೆಂಪು ತಿರುಳನ್ನು ಉಜ್ಜಿ ತೊಳೆದು ತಕ್ಷಣ ಬಿತ್ತಬೇಕು. ತಿರುಳು ಉಳಿದರೆ ಮೊಳಕೆ ಏಳುವುದಿಲ್ಲ, ಇರುವೆ ಬೇರೆ ಹೊತ್ತೊಯ್ಯುತ್ತದೆ. ಒಣಗಿಸಿಟ್ಟರೆ ಬೀಜ ಸತ್ತುಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಬೀಜದ ಗಿಡ ಹೂ ಬಿಡುವುದಕ್ಕೆ ಹತ್ತಿರ ಹತ್ತಿರ ಎಂಟು-ಹತ್ತು ವರ್ಷ ಕಾಯಬೇಕು, ಹೂವಿನ ಬಣ್ಣ ತಾಯಿಯದ್ದೇ ಆಗುತ್ತದೆ ಅನ್ನುವ ಖಾತರಿ ಇಲ್ಲ. ಇದೇ ಕೆಂಡದ ಬಣ್ಣ, ಇದೇ ವಾಸನೆ ಬೇಕಿದ್ದರೆ ಕಸಿ, ಇಲ್ಲವೇ ಗೂಟಿ. ಕಸಿಗೆ ಬೇರುಗಿಡ (ಕಸಿ ಕೂರಿಸುವ ಕೆಳಗಿನ ಗಿಡ) ಕೈಯಲ್ಲಿ ಇರಲಿಲ್ಲ. ಹಾಗಾಗಿ ಗೂಟಿ.

ಇದು ಯಾಕೆ ಸತಾಯಿಸುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಲೆಯಲ್ಲಿ ತಯಾರಾದ ಸಕ್ಕರೆ, ಆಕ್ಸಿನ್ (ಬೇರು ಬರಿಸುವ ಹಾರ್ಮೋನು) ಎರಡೂ ತೊಗಟೆಯ ಒಳಪದರದ ಮೂಲಕ ಕೆಳಗೆ ಇಳಿಯುತ್ತವೆ. ಉಂಗುರದಷ್ಟು ತೊಗಟೆ ತೆಗೆದರೆ ಮೇಲಿನ ಅಂಚಿನಲ್ಲಿ ತಡೆದು ನಿಂತು, ಅಲ್ಲಿಂದ ಬೇರು ಹೊರಡುತ್ತದೆ. ದಾಳಿಂಬೆಗೆ ಇಷ್ಟು ಸಾಕು. ಸಂಪಿಗೆಯಲ್ಲಿ ಎರಡು ತೊಡಕು. ಮೊದಲನೆಯದು, ತೊಗಟೆ ಸುಲಿದ ಮೇಲೆ ಕಟ್ಟಿಗೆಯ ಮೇಲೆ ಉಳಿಯುವ ಜಾರುಜಾರಾದ ಕೇಂಬಿಯಂ ಪದರ. ಅದು ಎಳೆಯಷ್ಟು ಉಳಿದರೂ ಸಾಕು, ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಹೊಸ ತೊಗಟೆಯ ಸೇತುವೆ ಬೆಳೆಯುತ್ತದೆ. ಆಮೇಲೆ ಕೊಂಬೆಗೆ ಬೇರಿನ ಅಗತ್ಯವೇ ಇರುವುದಿಲ್ಲ, ಮೇಲೆ ಎಲೆ ಹಸಿರಾಗಿ ನಗುತ್ತಿರುತ್ತದೆ, ನಾವು ಕೆಳಗೆ ಕಾಯುತ್ತಿರುತ್ತೇವೆ.

ಎರಡನೆಯದು ಕ್ಯಾಲಸ್, ಅಂದರೆ ಗಾಯದ ಅಂಚಿನಲ್ಲಿ ಬೆಳೆಯುವ ಗಂಟು. ಸೇತುವೆ ತಪ್ಪಿಸಿದರೂ ಮೇಲಿನ ಅಂಚು ಬೋಂಡದ ಹಾಗೆ ಊದಿಕೊಂಡು, ಬೆಳ್ಳಗೆ ಒರಟಾಗಿ, ಅಲ್ಲೇ ನಿಂತುಬಿಡುತ್ತದೆ. ಬೇರು ಮಾತ್ರ ಇಲ್ಲ. ಜೂನ್ ಪೂರ್ತಿ, ಜುಲೈ ಅರ್ಧ ಇದೇ ಸ್ಥಿತಿ.

ಕೆಲಸ ಮಾಡಿದ ಕ್ರಮ ಇದು. ಜನವರಿಯಲ್ಲಿ ಮೇಲಿನ ಒಂದೆರಡು ಕೊಂಬೆ ಬಿರುಸಾಗಿ ಸವರಿ, ಹೊಸ ಚಿಗುರು ನೆಟ್ಟಗೆ ಏಳುವಂತೆ ಮಾಡಿದ್ದು. ಹೊಸ ಚಿಗುರು ಹಳೆಯ ಕೊಂಬೆಗಿಂತ ಸುಲಭವಾಗಿ ಬೇರು ಬಿಡುತ್ತದೆ. ಬುಡದಲ್ಲಿ ಏಳುವ ಚಿಗುರು ಇನ್ನೂ ಸುಲಭ, ಆದರೆ ಅದರಿಂದ ಮಾಡಿದ ಗಿಡ ಹೂವಿಗೆ ತಡ ಮಾಡುತ್ತದೆ. ನೆತ್ತಿಯ ಕಡೆಯ ಚಿಗುರಿಗೆ ಹೂ ಬಿಡುವ ವಯಸ್ಸು ಆಗಲೇ ಆಗಿರುತ್ತದೆ. ಏಪ್ರಿಲ್‌ನಲ್ಲಿ ಉಂಗುರ ತೆಗೆಯಬೇಕಾದ ಜಾಗಕ್ಕೆ ಎಲೆಕ್ಟ್ರಿಕಲ್ ಅಂಗಡಿಯ ಕರಿ ಟೇಪು ಸುತ್ತಿದ್ದು. ಬೆಳಕು ಕಾಣದ ತೊಗಟೆ ಬೆಳ್ಳಗೆ ಮೆತ್ತಗೆ ಆಗಿ ಬೇರಿಗೆ ಅನುಕೂಲ. ಮೇ ಕೊನೆಗೆ, ಕೊಂಬೆ ಬೆರಳು ಗಾತ್ರ ಆದಾಗ, ಟೇಪು ಬಿಚ್ಚಿ 3 ಸೆಂಮೀ ಉಂಗುರ. ದಾಳಿಂಬೆಗೆ ತೆಗೆಯುವ 2 ಸೆಂಮೀ ಇಲ್ಲಿ ಸಾಲದು. ಚಾಕುವಿನ ಬೆನ್ನಿನಿಂದ ಕಟ್ಟಿಗೆಯನ್ನು ಕೆರೆಯುತ್ತಾ ಹೋಗಿ, ಬೆರಳಿಟ್ಟರೆ ಜಾರದೆ ಒರಟೊರಟಾಗಿ ಸಿಗುವವರೆಗೆ. ಆಮೇಲೆ ಬಟ್ಟೆಯಿಂದ ಒರೆಸಿ, ಬೆಳಗ್ಗೆ ಮಾಡಿದ್ದನ್ನು ಸಂಜೆವರೆಗೆ ಹಾಗೇ ಗಾಳಿಗೆ ಬಿಟ್ಟರೆ ಉಳಿದ ಚೂರುಪಾರು ಕೇಂಬಿಯಂ ಕೂಡ ಒಣಗುತ್ತದೆ. ಇದನ್ನು ಬಿಡಬೇಡಿ.

ಹಾರ್ಮೋನು: ಐಬಿಎ (ಇಂಡೋಲ್ ಬ್ಯುಟರಿಕ್ ಆಸಿಡ್, ಕೃತಕ ಆಕ್ಸಿನ್), 3000 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 3000 ಪಾಲು. ಅಂಗಡಿಯ ಡಬ್ಬಿ ಎಷ್ಟು ಹಳೆಯದೋ, ಎಷ್ಟು ಬಿಸಿಲಿನಲ್ಲಿ ಕೂತಿತ್ತೋ ಗೊತ್ತಾಗುವುದಿಲ್ಲ. ಬೆಳಕು, ಶಾಖ ಎರಡಕ್ಕೂ ಐಬಿಎ ಕೆಡುತ್ತದೆ. ಆದ್ದರಿಂದ ಪುಡಿ ಮನೆಯಲ್ಲೇ: 0.3 ಗ್ರಾಂ ಐಬಿಎ, ಕರಗುವಷ್ಟು ಸ್ಪಿರಿಟ್ (ನೀರಿನಲ್ಲಿ ಕರಗುವುದಿಲ್ಲ), ಅದನ್ನು 100 ಗ್ರಾಂ ವಾಸನೆಯಿಲ್ಲದ ಟಾಲ್ಕಿಗೆ ಕಲಸಿ, ನೆರಳಲ್ಲಿ ಸ್ಪಿರಿಟ್ ಹಾರಿಹೋಗುವವರೆಗೆ ಕೈಯಾಡಿಸುತ್ತಿರಬೇಕು. ಕೈಗವಸು, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಹತ್ತಿರ ಒಲೆ ಉರಿಯುತ್ತಿರಬಾರದು. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕೇಬೇಕು. ಕ್ಯಾರಂ ಬೋರ್ಡಿನ ಪುಡಿ ಟಾಲ್ಕಿನ ಹಾಗೇ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಅದು ಬೋರಿಕ್ ಪೌಡರು. ಸ್ಟ್ರೈಕರ್ ಚೆನ್ನಾಗಿ ಜಾರುತ್ತದೆ, ಬೇರು ಬರುವುದಿಲ್ಲ. ಪುಡಿ ಸವರುವುದು ಮೇಲಿನ ಅಂಚಿಗೆ ಮಾತ್ರ. ಕೆಳಗಿನ ಅಂಚಿಗೆ ಹಚ್ಚಿ ಪ್ರಯೋಜನವಿಲ್ಲ.

ಬೀಗ ತೆರೆದದ್ದು ಮಾತ್ರ ಜುಲೈನ ಕೆಲಸ. ಪ್ಲಾಸ್ಟಿಕ್ ಬಿಚ್ಚಿ, ಮಾಸ್ ತೆಗೆದು, ಊದಿದ ಕ್ಯಾಲಸ್‌ಗೆ ಹೊಸ ಬ್ಲೇಡಿನಿಂದ ಮೇಲಿಂದ ಕೆಳಕ್ಕೆ ಐದಾರು ಗೀರು. ಆಳ ಒಂದು ಮಿಲಿಮೀಟರ್‌ನಷ್ಟೇ, ಕಟ್ಟಿಗೆಗೆ ತಾಗಬಾರದು. ಬ್ಲೇಡನ್ನು ಮೊದಲು ಸ್ಪಿರಿಟ್‌ನಲ್ಲಿ ಒರೆಸಿರಬೇಕು. ಗೀರುಗಳಿಗೆ ಈ ಸಲ 5000 ಪಿಪಿಎಂ ಪುಡಿ, ಅಂದರೆ 100 ಗ್ರಾಂ ಟಾಲ್ಕಿಗೆ ಅರ್ಧ ಗ್ರಾಂ. ಅದೇ ಹೊತ್ತಿಗೆ ಕಟ್ಟಿಗೆಯ ಮೇಲೆ ಸಣ್ಣ ಸೇತುವೆ ಏನಾದರೂ ಹುಟ್ಟಿದ್ದರೆ ಕೆರೆದು ತೆಗೆಯಬೇಕು. ಹೊಸ ಮಾಸ್, ಹೊಸ ಪ್ಲಾಸ್ಟಿಕ್. ಆಗಸ್ಟ್ ಮುಗಿಯುವ ಮೊದಲೇ ಬೇರು ಬಂದದ್ದು ಸರಿಯಾಗಿ ಆ ಗೀರುಗಳ ಸಾಲಿನಲ್ಲೇ. ಗೀರದೆ ಹೋಲಿಕೆಗೆಂದು ಬಿಟ್ಟ ಇನ್ನೊಂದು ಕೊಂಬೆ ಈಗಲೂ ಕ್ಯಾಲಸ್ ಹೊತ್ತುಕೊಂಡು ಕೂತಿದೆ.

ಸುತ್ತುವ ಸಾಮಾನಿನ ಬಗ್ಗೆ ಒಂದಿಷ್ಟು ಗೊಣಗಾಟ. ಸ್ಫ್ಯಾಗ್ನಮ್ (ಗೂಟಿಗೆ ಬೇಕಾದ, ನೀರು ಹಿಡಿಯುವ ಮಾಸ್) ಕೇಳಿದರೆ ಕೊಟ್ಟದ್ದು ಹಸಿರು ಕಾಡುಪಾಚಿ, ಅಲಂಕಾರಕ್ಕೆ ಹಾಸುವಂಥದ್ದು. ಅದು ನೀರು ಹಿಡಿಯುವುದಿಲ್ಲ. ಅಸಲಿ ಸ್ಫ್ಯಾಗ್ನಮ್ ಒಣಗಿದಾಗ ಮಸುಕು ಹಳದಿ, ಎಳೆ ಉದ್ದ, ಹಿಡಿಯಷ್ಟು ನೆನೆಸಿದರೆ ಬೊಗಸೆ ತುಂಬುತ್ತದೆ. ಆನ್‌ಲೈನಿನಲ್ಲಿ ಬಂದ ಇನ್ನೊಂದು ಪೊಟ್ಟಣದ ತಳದಲ್ಲಿ ಬರೀ ಧೂಳು. ಕೊನೆಗೆ ಎಳೆಎಳೆಯಾದ ಮಾಸ್ ಮುಕ್ಕಾಲು, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕಾಲು ಭಾಗ ಬೆರೆಸಿ ಸುಧಾರಿಸಿದ್ದು. 'ತೊಳೆದದ್ದು' ಎಂದು ಇಟ್ಟಿಗೆಯ ಮೇಲೆ ಅಚ್ಚಾಗಿದ್ದರೂ ನಂಬಬೇಡಿ. ನೆನೆಸಿದ ನೀರಿನ ಇಸಿ (ಕರಗಿದ ಉಪ್ಪಿನ ಅಳತೆ) ನೋಡಿ, ಉಪ್ಪು ಹೆಚ್ಚಿದ್ದರೆ ಮತ್ತೆ ಮತ್ತೆ ನೀರು ಬದಲಿಸಿ. ಎಳೆಯ ಬೇರಿಗೆ ಆ ಉಪ್ಪೇ ಸಾಕು ತುದಿ ಕರಕಲಾಗಲು. ಮಾಸ್ ನೆನೆಸಿ, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಆ ಹದ. ಕಿತ್ತಳೆ ಗಾತ್ರದ ಉಂಡೆ.

ಪ್ಲಾಸ್ಟಿಕ್ಕಿನ ಮೇಲಿನ ಕಟ್ಟು ಬಿಗಿಯಾಗಿರಬೇಕು. ಬೆಂಗಳೂರಿನ ಜಿಟಿಜಿಟಿ ಮಳೆಯಲ್ಲಿ ನೀರು ಕೊಂಬೆಯ ಮೈಮೇಲೇ ಇಳಿದು ಒಳಗೆ ನುಗ್ಗುತ್ತದೆ, ಮಾಸ್ ಕೊಳೆತು ಅಂಚು ಕಪ್ಪಾಗುತ್ತದೆ. ಸೈಕಲ್ ಟ್ಯೂಬಿನ ಪಟ್ಟಿ ಇದಕ್ಕೆ ದಾರಕ್ಕಿಂತ ವಾಸಿ. ಕೆಳಗೆ ಸೂಜಿಯಿಂದ ಒಂದು ತೂತು. ಮೇ ಬಿಸಿಲಿನಲ್ಲಿ ಹೊರಗಡೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸುತ್ತಿ; ಬೆಳಕೂ ಹೋಗುವುದಿಲ್ಲ, ಕಾಯುವುದೂ ಇಲ್ಲ. ಜುಲೈ ಮೋಡಕ್ಕೆ ಫಾಯಿಲ್ ತೆಗೆದು ಕರಿ ಪ್ಲಾಸ್ಟಿಕ್, ಸಿಕ್ಕಷ್ಟು ಶಾಖ ಸಿಗಲಿ. ಒಳಪದರ ಎರಡೂ ಸಲ ಪಾರದರ್ಶಕವಾಗಿದ್ದರೆ ಹೊರಗಿನದನ್ನು ಸರಿಸಿ ಇಣುಕಬಹುದು. ನೀರು ಕಡಿಮೆ ಅನ್ನಿಸಿದರೆ ಮೆಡಿಕಲ್ ಶಾಪಿನ 10 ಎಂಎಲ್ ಸಿರಿಂಜಿನಿಂದ ಕೊಟ್ಟು, ಅದು ಚುಚ್ಚಿದ ತೂತಿಗೆ ಟೇಪು. ಇರುವೆ ಗೂಡು ಕಟ್ಟದಂತೆ ಉಂಡೆಯ ಮೇಲೂ ಕೆಳಗೂ ಕೊಂಬೆಗೆ ಸುತ್ತಿದ ಬಟ್ಟೆಪಟ್ಟಿಗೆ ಬೇವಿನೆಣ್ಣೆ. ಅಳಿಲಿಗೆ ಮಾತ್ರ ಮದ್ದಿಲ್ಲ. ಗೂಡಿಗೆ ಮಾಸ್ ಬೇಕಾದರೆ ಫಾಯಿಲ್ ಸಮೇತ ಹರಿಯುತ್ತದೆ. ಕೋಳಿ ಜಾಲರಿಯ ತುಂಡು ಸುತ್ತಿದ ಮೇಲೆ ಬಿಟ್ಟಿತು.

ಸಮಯದ ವಿಷಯದಲ್ಲಿ ಪಂಚಾಂಗ ನಮ್ಮ ನೆರವಿಗೆ ಬಂತು. ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಶ್ರಾವಣದಲ್ಲಿ ಹೊಸ ಅಪಾರ್ಟ್‌ಮೆಂಟಿನ ಕೀ ಕೈಗೆ ಬರಲಿಲ್ಲ. ಗಣೇಶನ ಹಬ್ಬ ಮುಗಿದರೆ ಪಿತೃಪಕ್ಷ, ಆಗಲೂ ಇಲ್ಲ. ಆದ್ದರಿಂದ ನವರಾತ್ರಿ. ಗೂಟಿಗೆ ಕುಂಡದಲ್ಲಿ ಒಂದು ತಿಂಗಳು ಸಿಕ್ಕಂತಾಯಿತು.

ಮನೆ ಬದಲಿಸುವುದು ಅಕ್ಟೋಬರ್‌ನಲ್ಲಿ ಅಂದ ಕೂಡಲೇ ಹೊಳೆದದ್ದು ದ್ರಾಕ್ಷಿ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ತೋಟಗಳಲ್ಲಿ ಅಕ್ಟೋಬರ್ ಸವರುವಿಕೆ ಅದೇ ಹೊತ್ತಿಗೆ ಬರುತ್ತದೆ. ಕತ್ತರಿಸಿ ಎಸೆಯುವ ಬೆಂಗಳೂರು ನೀಲಿ ತಳಿಯ ಕಡ್ಡಿ, ಪೆನ್ಸಿಲ್ ದಪ್ಪ, ಮೂರು-ನಾಲ್ಕು ಗೆಣ್ಣು, ಎರಡು ಗೆಣ್ಣು ಮಣ್ಣಿನೊಳಗೆ. ಇದಕ್ಕೆ ಹಾರ್ಮೋನು ಕೂಡ ಬೇಡ. ಒಂಬತ್ತನೇ ಮಹಡಿಯ ಬಾಲ್ಕನಿ ಕಂಬಿಗೆ ಹಬ್ಬಿಸಿದರೆ ಪಶ್ಚಿಮದ ಬಿಸಿಲಿಗೆ ಪರದೆಯೂ ಆಯಿತು. ಬೂದಿರೋಗ, ಬಾವಲಿ, ಅಸೋಸಿಯೇಷನ್ನಿನ ಸೆಕ್ರೆಟರಿ, ಈ ಮೂರರಲ್ಲಿ ಯಾವುದು ಮೊದಲು ಬರುತ್ತದೋ ನೋಡಬೇಕು. ಇದು ಮುಂದಿನ ಕಂತಿಗೆ.

ಸಂಪಿಗೆಗೆ ಬರೋಣ. ಬೇರು ಕಂಡ ದಿನವೇ ಕತ್ತರಿಸಬೇಡಿ. ಸಂಪಿಗೆಯ ಬೇರು ಮಾಂಸಲ, ಪಟಕ್ಕನೆ ಮುರಿಯುತ್ತದೆ. ಕೆನೆ ಬಣ್ಣ ಕಂದಿಗೆ ತಿರುಗಿ, ಪಕ್ಕಬೇರು ಒಡೆಯುವವರೆಗೆ ಕಾಯಬೇಕು. ಆಮೇಲೆ ಉಂಡೆಯ ಕೆಳಗೆ ಕೊಂಬೆಯ ಅರ್ಧ ದಪ್ಪಕ್ಕೆ ಗರಗಸ, ಹತ್ತು ದಿನ ಬಿಟ್ಟು ಪೂರ್ತಿ. ಎಲೆ ಮೂರರಲ್ಲಿ ಎರಡು ಪಾಲು ತೆಗೆದು, ಉಳಿದ ದೊಡ್ಡ ಎಲೆಯನ್ನು ಅಡ್ಡಕ್ಕೆ ಅರ್ಧ ಕತ್ತರಿಸಿ. ಪ್ಲಾಸ್ಟಿಕ್ ಮಾತ್ರ ಬಿಚ್ಚಬೇಕು, ಮಾಸ್ ಬಿಡಿಸಹೋಗಬಾರದು.

ಗಿಡ ನೆಡುವ ಚೀಲ 12 ಇಂಚು ಅಗಲ, 12 ಇಂಚು ಎತ್ತರ, ಸುಮಾರು 22 ಲೀಟರು. ಪೂರ್ತಿ ಕೆಮ್ಮಣ್ಣು ತುಂಬಿ ನೆನೆಸಿದರೆ 40 ಕೆಜಿ ಹತ್ತಿರ ಬರುತ್ತದೆ, ಬಾಲ್ಕನಿಗೂ ಬೆನ್ನಿಗೂ ಒಳ್ಳೆಯದಲ್ಲ. ಕೆಮ್ಮಣ್ಣು ಒಂದು ಪಾಲು, ಕೊಕೊಪೀಟ್ ಎರಡು, ಎರೆಗೊಬ್ಬರ ಒಂದು, ಮೇಲೊಂದು ಹಿಡಿ ಬೇವಿನ ಹಿಂಡಿ. ಒಂದು ಕೋಲು ನೆಟ್ಟು ಕಾಂಡವನ್ನು ಕಟ್ಟದಿದ್ದರೆ ಗಾಳಿಗೆ ಅಲುಗಿ ಬೇರು ಮುರಿಯುತ್ತದೆ. ಮೊದಲ ಎರಡು ವಾರ 50 ಶೇಕಡಾ ನೆರಳುಬಲೆಯ ಕೆಳಗೆ, ಗಿಡದ ಮೇಲೆ ದೊಡ್ಡ ಪ್ಲಾಸ್ಟಿಕ್ ಕವರು ಕವುಚಿ. ಆಮೇಲೆ ದಿನಕ್ಕಿಷ್ಟು ಕವರು ಎತ್ತುತ್ತಾ ಹೋಗಬೇಕು. ಮೊಗ್ಗು ಬಂದರೆ ಚಿವುಟಿ, ಈ ವರ್ಷ ಹೂವಿನ ಆಸೆ ಬೇಡ.

ಸಾಗಾಟಕ್ಕೆ ಪ್ಯಾಕರ್‌ಗಳು ಗಿಡ ಅಂದರೆ ಕೈ ಎತ್ತುತ್ತಾರೆ, ಒಪ್ಪಿಕೊಂಡವರೂ ಸೋಫಾ ಪಕ್ಕ ಮಲಗಿಸುತ್ತಾರೆ. ಪ್ರತ್ಯೇಕ ಛೋಟಾ ಹಾಥಿ (ಚಿಕ್ಕ ಸರಕು ಗಾಡಿ) ಹೇಳಿ. ಹಿಂದಿನ ದಿನ ಬೆಳಗ್ಗೆ ನೀರು ಕೊಟ್ಟು, ಹೊರಡುವ ದಿನ ಕೊಡದೆ ಇದ್ದರೆ ತೂಕವೂ ಕಮ್ಮಿ, ಉಂಡೆಯೂ ಕುಸಿಯುವುದಿಲ್ಲ. ಚೀಲಗಳ ನಡುವೆ ಹಳೆ ಗೋಣಿ ತುರುಕಿ, ಮೇಲೆ ಒದ್ದೆ ಸೀರೆ. ಹೊಸ ಮನೆಯ ಲಿಫ್ಟಿನ ಬಾಗಿಲಿನ ಎತ್ತರ ಮುಂಚೆಯೇ ಅಳೆದುಕೊಳ್ಳಿ, ಆಮೇಲೆ ಕೋಲಿನ ಉದ್ದ ನಿರ್ಧರಿಸಿ.

ತಾಯಿಮರ ಮಾತ್ರ ಇಲ್ಲೇ. ಮನೆ ಕೊಂಡವರು ಕಡಿಸಲು ಹೊರಟರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು ಅನ್ನುವುದನ್ನು ಕೀ ಒಪ್ಪಿಸುವಾಗ ಹೇಳಿದರಾಯಿತು. ಗೀರು ಹಾಕದೆ ಬಿಟ್ಟಿದ್ದ ಆ ಇನ್ನೊಂದು ಕೊಂಬೆಗೂ ಈ ವಾರ ಬ್ಲೇಡು. ನವರಾತ್ರಿ ಒಳಗೆ ಬೇರು ಬಾರದಿದ್ದರೆ ಅದನ್ನು ಪಕ್ಕದ ಮನೆಯವರ ಸುಪರ್ದಿಗೆ ಒಪ್ಪಿಸಿ, ಸಿರಿಂಜೂ ಕೊಟ್ಟು ಹೋಗುವುದು.