ಆಳಂದ ರಸ್ತೆಯ ಪುರಾಣ

ಕಲಬುರಗಿಯಲ್ಲಿ ಕೋಟೆ ನೋಡಿದೆ, ಜಾಮಿ ಮಸೀದಿಯ ಕಮಾನುಗಳ ಕೆಳಗೆ ಓಡಾಡಿದೆ, ಆಮೇಲೆ ಬೀದರಿಗೂ ಹೋಗಿಬಂದೆ. ಅವೆಲ್ಲ ಫೋಟೊಗಳಲ್ಲಿವೆ, ಇರಲಿ. ಬರೆಯಲು ಕೂತಾಗ ಎದುರಿಗೆ ಬರುವುದು ಆಳಂದ ರಸ್ತೆಯ ಮಗ್ಗುಲಿನ ಒಂದು ಹಳ್ಳಿಯಲ್ಲಿ ಕೇಳಿದ ಶ್ರಾವಣದ ಪುರಾಣ, ಮತ್ತು ಅಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದ ಗವಾಯಿ.

ಅವತ್ತು ಬೆಳಿಗ್ಗೆ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಹೋಗಿದ್ದೆ. 1321ರಲ್ಲಿ ಹುಟ್ಟಿದ ಈ ಸೂಫಿ ಗುರು ತೈಮೂರನ ದಾಳಿಯ ಕಾಲಕ್ಕೆ ದಿಲ್ಲಿ ಬಿಟ್ಟು, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಈ ಊರಿಗೆ ಬಂದವರು. ಆದರದಿಂದ ಬರಮಾಡಿಕೊಂಡ ಫಿರೋಜ್ ಶಾ ಬಹಮನಿಗೂ ಅವರಿಗೂ ಬರಬರುತ್ತ ಸರಿಹೋಗಲಿಲ್ಲ. ಗುರುಗಳ ಒಲವು ಸುಲ್ತಾನನ ತಮ್ಮ ಅಹಮದ್ ಶಾನ ಕಡೆಗಿತ್ತು. 1422ರಲ್ಲಿ ಪಟ್ಟ ಅಹಮದನಿಗೇ ಬಂತು, ಗುರುಗಳು ತೀರಿಕೊಂಡದ್ದೂ ಅದೇ ವರ್ಷ. ದಂಡು ದಳ ಏನೂ ಇಲ್ಲದ ಮುದುಕರೊಬ್ಬರನ್ನು ಅರಮನೆ ಅಷ್ಟು ಲೆಕ್ಕಕ್ಕಿಟ್ಟಿತ್ತಲ್ಲ ಎಂದು ಯೋಚಿಸುತ್ತಲೇ ಶರಣಬಸವೇಶ್ವರರ ಗುಡಿಗೆ ನಡೆದೆ. ಅಲ್ಲಿ ಮಾತಿಗಿಂತ ದಾಸೋಹದ ಊಟವೇ ಮುಂದು. ಉಂಡವರಿಗೆ ಬೇರೆ ಪ್ರವಚನ ಯಾಕೆ ಬೇಕು ಅನ್ನಿಸಿತು.

ಸಂಜೆ ಹಳ್ಳಿಗೆ ಕರೆದೊಯ್ದವನು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ಗೆಳೆಯನ ಮಗ. ತಗಡಿನ ಮಂಟಪ, ಮುಂದೆ ಜಮಖಾನೆ, ಒಂದು ಕಡೆ ಹೆಂಗಸರು, ಒಂದು ಕಡೆ ಗಂಡಸರು. ಹಗಲೆಲ್ಲ ತೊಗರಿ ಹೊಲದಲ್ಲಿ ಎಡೆ ಹೊಡೆದು ಬಂದ ಮಂದಿ, ಅರ್ಧ ಜನರಿಗೆ ನಿದ್ದೆ ಕಣ್ಣಲ್ಲೇ ಇತ್ತು. ಶುರುವಿಗೆ ಮೈಕಿನಲ್ಲಿ ಯಾರು ಎಷ್ಟು ದೇಣಿಗೆ ಕೊಟ್ಟರೆಂದು ಓದಿದ್ದೇ ಓದಿದ್ದು. ನನಗಂತೂ ಎದ್ದು ಹೋಗಬೇಕೆನ್ನಿಸಿತ್ತು.

ಆಮೇಲೆ ಸ್ವಾಮಿಗಳು ಮಾತಾಡಿದರು. ಶರಣಬಸವೇಶ್ವರರ ಪುರಾಣ. ಹೊಲ ಕಾಯಲು ಹೋದ ಶರಣರು ಹಕ್ಕಿಗಳನ್ನು ಓಡಿಸುವುದು ಬಿಟ್ಟು, ತಿನ್ನಿರಪ್ಪಾ ಎಂದು ಕರೆದು ನೀರಿಟ್ಟ ಕತೆ. ಅಲ್ಲಿದ್ದ ಹುಡುಗರಿಗೂ ಗೊತ್ತಿರುವ ಕತೆಯೇ. ಆದರೆ ಇವರು ದನಿ ಏರಿಸಲಿಲ್ಲ, ಇಳಿಸುತ್ತ ಹೋದರು. ತೆನೆಗೆ ಹಕ್ಕಿ ಕೂತಿತು ಅನ್ನುವ ಹೊತ್ತಿಗೆ ಮಾತು ಮೈಕಿಗೂ ಕೇಳುವಂತಿರಲಿಲ್ಲ. ಜನ ಮುಂದಕ್ಕೆ ಬಾಗಿದರು. ಅಲ್ಲಿಗೆ ನಿಲ್ಲಿಸಿ, ಹೆಂಗಸರ ಕಡೆ ತಿರುಗಿ, "ಯವ್ವಾ, ನಿಮ್ಮ ಹೊಲಾ ಆಗಿದ್ರ ಏನ್ ಮಾಡ್ತಿದ್ರಿ? ಖರೇ ಹೇಳ್ರಿ" ಎಂದರು. "ಕವಣಿ ಬೀಸ್ತಿದ್ನೆಪ್ಪಾ!" ಎಂದಳು ಒಬ್ಬ ಮುದುಕಿ. ಇಡೀ ಮಂಟಪ ನಕ್ಕಿತು. ನಗು ಇನ್ನೂ ಮುಗಿದಿರಲಿಲ್ಲ, ಪೇಟಿ ಎದ್ದಿತು, ವಚನ ಬಂತು, ಮಂದಿ ಸುಮ್ಮನಾದರು.

ಕೊನೆಗೆ ಜೋಳಿಗೆ ಹಿಡಿದು ಇಳಿದು ಬಂದರು. ಇಳಕಲ್ಲಿನ ಮಠದ ಸ್ವಾಮಿಗಳಾಗಿದ್ದ ಮಹಾಂತ ಅಪ್ಪಗಳು 1975ರಲ್ಲಿ ಶುರುಮಾಡಿದ ಪದ್ಧತಿ ಅದು: ಜೋಳಿಗೆಗೆ ದುಡ್ಡಲ್ಲ, ಚಟ ಹಾಕಬೇಕು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಈಗ ಸರ್ಕಾರವೇ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಗುಟ್ಕಾ ಚೀಟಿ, ಬೀಡಿ ಕಟ್ಟು, ತಂಬಾಕಿನ ಡಬ್ಬಿ ಒಂದೊಂದೇ ಬಿದ್ದವು. ಒಬ್ಬ ಹರೆಯದವನು ಜೇಬಿಗೆ ಕೈ ಹಾಕಿ, ತೆಗೆದು, ಮತ್ತೆ ಹಾಕಿದ. ಸ್ವಾಮಿಗಳು ಅವನೆದುರು ಏನೂ ಹೇಳದೆ ನಿಂತೇ ಇದ್ದರು. ಅವನೂ ಹಾಕಿದ. ಆ ನಿಂತ ಗಳಿಗೆ ನನಗೆ ಹಿಡಿಸಲಿಲ್ಲ. ಈ ಬಗೆಯ ಶಕ್ತಿ ಇದ್ದವರು ಚಟದ ಬದಲು ಓಟು ಕೇಳಿದರೆ? ಹೊಲ ಕೇಳಿದರೆ?

ಇಲ್ಲೊಂದು ಮಾತು, ಯಾರಿಗಾದರೂ ಉಪಯೋಗಕ್ಕೆ ಬರಲಿ. ಪುರಾಣ ಇಷ್ಟು ಗಂಟೆಗೆ ಮುಗಿಯುತ್ತದೆಂದು ಯಾರು ಹೇಳಿದರೂ ನಂಬಬೇಡಿ. ಕೊನೆಯ ಬಸ್ಸು ಇದೆ ಅಂದವರನ್ನೂ ನಂಬಬೇಡಿ. ಇಳಿದ ತಕ್ಷಣ ಗವಾಯಿಗಳು ಯಾವ ಗಾಡಿಯಲ್ಲಿ ವಾಪಸ್ ಹೋಗುತ್ತಾರೆಂದು ಕೇಳಿಟ್ಟುಕೊಳ್ಳಿ. ಊರಲ್ಲಿ ಲಾಡ್ಜಿನ ಕಾವಲುಗಾರನ ಮೊಬೈಲ್ ನಂಬರೂ ಇರಲಿ. ನಮ್ಮವನು ಗೇಟಿಗೆ ಬೀಗ ಜಡಿದು ಒಳಗೆ ಮಲಗಿದ್ದ, ಅರ್ಧ ಬೀದಿ ಎದ್ದರೂ ಅವನು ಏಳಲಿಲ್ಲ.

ಬಸ್ಸು ಬಾರದ್ದರಿಂದಲೇ ಗವಾಯಿಗಳ ಕ್ರೂಸರಿನಲ್ಲಿ ಜಾಗ ಸಿಕ್ಕಿತು. ಗದಗಿನ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತವರು, ತೊಡೆಯ ಮೇಲೆ ಪೇಟಿ. ನಗು ಮುಗಿಯುವ ಮೊದಲೇ ಪೇಟಿ ಹಿಡಿದಿರಲ್ಲ, ಹೇಗೆ ಗೊತ್ತಾಯಿತು ಎಂದೆ.

"ಅಪ್ಪಾವ್ರು ಶಾಲು ಎಡಕ್ಕ ಸರಸ್ತಾರ್ರಿ. ಅದು ನನಗ ಸನ್ನಿ. ನಗಸೂದು ಸಸಾರರಿ. ನಕ್ಕ ಮಂದೀನ ಮತ್ತ ಸುಮ್ನ ಕೂಡಸೂದು ತ್ರಾಸು. ಈಗಿನ ಹೊಸಾ ಸ್ವಾಮಿಗಳು ನಗಸ್ತಾರ, ಮೊಬೈಲ್‌ದಾಗ ಬರ್ತಾರ, ಆದ್ರ ಅಲ್ಲಿಂದ ಮುಂದ ಹೋಗ್ಲಾಕ ದಾರಿ ಗೊತ್ತಿಲ್ಲ."

"ಜನ ಕೇಳುತ್ತಿದ್ದಾರೋ ಇಲ್ಲವೋ ಹೇಗೆ ತಿಳಿಯುತ್ತೆ?"

"ಮುಂದ ಕುಂತವರನ್ನ ನೋಡಬಾರ್ದ್ರಿ. ಅವರು ದೇಣಿಗಿ ಕೊಟ್ಟೋರು, ತಲಿ ಅಲ್ಲಾಡಸೇ ಅಲ್ಲಾಡಸ್ತಾರ. ಹಿಂದಿನವರು ಚಪ್ಪಲ್ ಕಾಲಾಗ ಇಟ್ಕೊಂಡೇ ಕುಂತಿರ್ತಾರ, ಎದ್ದು ಹೋಗ್ಲಾಕ. ಅವರು ಚಪ್ಪಲ್ ಬಿಟ್ಟು ಜಮಖಾನಿ ಮ್ಯಾಗ ಬಂದ್ರಂದ್ರ ಪುರಾಣ ನೆಟ್ಟಗ ಹೊಂಟಾದ ಅಂತ."

ಹಾಗಾದರೆ ಇದೆಲ್ಲ ಲೆಕ್ಕಾಚಾರವೇ ಎಂದು ಕೆಣಕಿದೆ. ನಾಳೆ ಬೆಳಿಗ್ಗೆ ಅದೇ ಹುಡುಗ ಅದೇ ಅಂಗಡಿಗೆ ಗುಟ್ಕಾಕ್ಕೆ ಹೋಗುವುದಿಲ್ಲವೇ?

"ಹೋಗ್ತಾನ್ರಿ, ಯಾಕ ಹೋಗಲ್ಲ? ಆದ್ರ ಅಪ್ಪಾವ್ರು ಮುಂದಿನ ಶ್ರಾವಣಕ್ಕ ಮತ್ತ ಬರ್ತಾರ. ಅವನ ಹೆಸರು ಹಿಡದು, ಅವರ ಅವ್ವನ ಮುಂದ ಕೇಳ್ತಾರ. ಒಮ್ಮೆ ಬಂದು ಛಂದ ಮಾತಾಡಿ ಹೋಗವ್ರು ಬ್ಯಾರೆ, ತಿರುಗಿ ಬಂದು ಕೇಳವ್ರು ಬ್ಯಾರೆ."

ಆ ಹುಡುಗನ ಮುಂದೆ ನಿಂತದ್ದು ನನಗೆ ಸರಿಬರಲಿಲ್ಲ ಎಂದು ಹೇಳಿಯೇಬಿಟ್ಟೆ. ಗವಾಯಿಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನನಗೂ ಒಮ್ಮೊಮ್ಮೆ ಅಂಜಿಕಿ ಆಗ್ತದ್ರಿ" ಎಂದರು. "ಶಾಲು ಸರಿಸಿದ್ರೂ ಒಂದೆರಡು ಸಲ ನಾ ಪೇಟಿ ಹಿಡದಿಲ್ಲ. ಬೈಸ್ಕೊಂಡೀನಿ."

ಯಾವಾಗ, ಯಾಕೆ ಎಂದು ಕೇಳುವಷ್ಟರಲ್ಲಿ ಊರು ಬಂತು. ಸುಪರ್ ಮಾರ್ಕೆಟ್ ಹತ್ತಿರ ನನ್ನನ್ನು ಇಳಿಸಿ, ಕಿಟಕಿಯಿಂದ ತಲೆ ಹೊರಹಾಕಿದರು. "ನೀವು ಹಿಂದ ಕುಂತಿದ್ರೆಲ್ಲ, ನನ್ನ ಪೇಟಿ ಕೇಳ್ತಿತ್ತೇನ್ರಿ? ಮೈಕಿನವ ಬರೇ ತಬಲಾ ಏರಸ್ತಾನ."