ಹಂಟೇರಿಯನ್ ಮ್ಯೂಸಿಯಂನಲ್ಲಿ ನೆನಪಾದ ನಮ್ಮ ಮೇಷ್ಟ್ರು

ಲಂಡನ್ನಿಗೆ ಬರುವ ನಮ್ಮ ಮೆಡಿಕಲ್ ಕಾಲೇಜಿನವರಿಗೆಲ್ಲ ನಾನು ಹೇಳುವ ಜಾಗ ಹಂಟೇರಿಯನ್ ಮ್ಯೂಸಿಯಂ. ಅಲ್ಲಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಕಟ್ಟಡದಲ್ಲಿದೆ, ಟಿಕೆಟ್ ಇಲ್ಲ. 1793ರಲ್ಲಿ ತೀರಿಕೊಂಡ ಸರ್ಜನ್ ಜಾನ್ ಹಂಟರ್ ಕೂಡಿಟ್ಟ ದೇಹಭಾಗಗಳ ಸಾವಿರಾರು ಸ್ಪೆಸಿಮೆನ್‌ಗಳೇ ಅದರ ಮೂಲ. 1941ರ ಬಾಂಬ್ ದಾಳಿಯಲ್ಲಿ ಬಹಳಷ್ಟು ಹಾಳಾದವು. ಉಳಿದದ್ದನ್ನು ನೋಡಲೂ ಒಂದು ದಿನ ಸಾಲದು.

ನಾನು ಜಾಸ್ತಿ ಹೊತ್ತು ನಿಂತದ್ದು ಎವೆಲಿನ್ ಹಲಗೆಗಳ ಮುಂದೆ. ಮನುಷ್ಯನ ದೇಹದಿಂದ ಬಿಡಿಸಿದ ನರ, ರಕ್ತನಾಳಗಳನ್ನು ಮರದ ಹಲಗೆಗಳ ಮೇಲೆ ಹರಡಿ, ಅಂಟಿಸಿ, ವಾರ್ನಿಷ್ ಬಳಿದಿದ್ದಾರೆ. ಇಟಲಿಯ ಪಡುವಾದಲ್ಲಿ 1640ರ ದಶಕದಲ್ಲಿ ಮಾಡಿದ್ದು. ದೇಹ ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ಇನ್ನೂ ಇಲ್ಲದ ಕಾಲ! ತೋಳಿಗೆ ಇಳಿಯುವ ನರಗಳನ್ನು ಕಂಡ ಕೂಡಲೇ ನಮ್ಮ ಅನಾಟಮಿ ಮೇಷ್ಟ್ರು ನೆನಪಾದರು. ಆ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್ಸನ್ನು ಅವರು ಐದು ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಮರದ ಹಾಗೆ ಕವಲೊಡೆಯುವ ಅದರ ಬೇರಿಗೊಂದು ಬಣ್ಣ, ಕಾಂಡಕ್ಕೊಂದು.

ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ಅವರು ಮೊದಲು ಹೇಳಿದ್ದು ಮಾತ್ರ ಬೇರೆ. "ಈ ಅಜ್ಜ ದೇಹದಾನಕ್ಕೆ ತಾವೇ ಬರೆದುಕೊಟ್ಟು ಬಂದವರು. ಆ ಮೂಲೆಯವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಅವರ ಹತ್ತಿರ ಇನ್ನೂ ಹುಷಾರಾಗಿ ಕೆಲಸ ಮಾಡಿ." ಟೇಬಲ್ ಮೇಲೆ ಪುಸ್ತಕ ಇಡಲೂ ಬಿಡುತ್ತಿರಲಿಲ್ಲ.

ಈ ಮ್ಯೂಸಿಯಂನಲ್ಲೂ ಹಾಗೆ ಕೇಳದೆ ತಂದವರೊಬ್ಬರು ಇದ್ದರು. ಐರ್ಲೆಂಡಿನ ಚಾರ್ಲ್ಸ್ ಬರ್ನ್, 7 ಅಡಿ 7 ಇಂಚು ಎತ್ತರದ ಯುವಕ. ಹಂಟರ್ ತನ್ನ ದೇಹದ ಮೇಲೆ ಕಣ್ಣಿಟ್ಟಿದ್ದಾನೆಂದು ಹೆದರಿ, ಸತ್ತ ಮೇಲೆ ಸಮುದ್ರಕ್ಕೆ ಬಿಡಿ ಎಂದು ಗೆಳೆಯರನ್ನು ಬೇಡಿಕೊಂಡಿದ್ದ. 1783ರಲ್ಲಿ, 22ರ ವಯಸ್ಸಿಗೇ ಸತ್ತ. ಹಂಟರ್ ದುಡ್ಡು ಕೊಟ್ಟು ದೇಹ ತರಿಸಿಕೊಂಡ. ಆ ಅಸ್ಥಿಪಂಜರ ಇನ್ನೂರಕ್ಕೂ ಹೆಚ್ಚು ವರ್ಷ ಗಾಜಿನ ಹಿಂದೆ ನಿಂತಿತ್ತು. 2023ರಲ್ಲಿ ಮ್ಯೂಸಿಯಂ ಮತ್ತೆ ತೆರೆದಾಗ ಅದನ್ನು ಪ್ರದರ್ಶನಕ್ಕೆ ಇಡಲಿಲ್ಲ. ಆದರೆ ಸಂಶೋಧನೆಗೆಂದು ರಾಯಲ್ ಕಾಲೇಜು ಇಟ್ಟುಕೊಂಡೇ ಇದೆ.

ಅದರಿಂದ ಉಪಯೋಗವಾಗಿದೆ, ನಿಜ. 1909ರಲ್ಲಿ ಮೆದುಳಿನ ಸರ್ಜನ್ ಹಾರ್ವೆ ಕುಶಿಂಗ್ ತಲೆಬುರುಡೆ ತೆರೆಸಿದಾಗ, ಬೆಳವಣಿಗೆಯ ಹಾರ್ಮೋನು ಕೊಡುವ ಪಿಟ್ಯುಟರಿ ಗ್ರಂಥಿ ಕೂರುವ ಗುಳಿ ದೊಡ್ಡದಾಗಿತ್ತು. 2011ರಲ್ಲಿ ಹಲ್ಲಿನ ಡಿಎನ್‌ಎಯಲ್ಲಿ ಆ ಎತ್ತರಕ್ಕೆ ಕಾರಣವಾದ ಜೀನ್ ದೋಷವೂ ಸಿಕ್ಕಿತು. ಆದರೂ ಇನ್ನಾದರೂ ಅವನನ್ನು ಸಮುದ್ರಕ್ಕೆ ಬಿಡಬೇಕು ಅನ್ನುವುದೇ ನನ್ನ ಅಭಿಪ್ರಾಯ. ಬೇಕಾದ್ದನ್ನು ಕಲಿತಾಯಿತಲ್ವಾ?

ನಮ್ಮ ಕಾಲೇಜಿಗೂ ಒಂದು ಕೋರಿಕೆ. ನಮ್ಮ ಅನಾಟಮಿ ಮ್ಯೂಸಿಯಂನ ಪ್ರತಿ ಜಾರ್ ಮೇಲೂ ಅಂಗದ ಹೆಸರು, ನಂಬರ್ ಇದೆ. ದೇಹದಾನ ಮಾಡಿದವರ ಬಗ್ಗೆ, ಯಾರೂ ಕೇಳದೆ ಬಂದವರ ಬಗ್ಗೆ ಬಾಗಿಲಲ್ಲಿ ಒಂದು ಫಲಕ ಹಾಕಿಸಿ. ಅದರ ಖರ್ಚು ನಮ್ಮ ಬ್ಯಾಚಿನದು.